ಪುಟವಿನ್ಯಾಸದ ಮೊದಲ ಪಾಠ: ಹೊಸಬರಿಂದ ಸ್ಕ್ರೈಬಸ್‌ನಲ್ಲಿ ಒಂದು ಕನ್ನಡ ಪುಟ ಕಟ್ಟಿಸುವ ಬಗೆ

ಪುಟವಿನ್ಯಾಸದ ಸಾಫ್ಟ್‌ವೇರ್ ಕಲಿಸಲು ಮೊದಲ ಸಲ ನಿಂತವರು ಸಾಮಾನ್ಯವಾಗಿ ಟೂಲ್‌ಬಾರಿನ ಎಡತುದಿಯಿಂದ ಹೊರಡುತ್ತಾರೆ. ಇದು ಸೆಲೆಕ್ಟ್, ಇದು ಟೆಕ್ಸ್ಟ್ ಫ್ರೇಮ್, ಇದು ಪಾಲಿಗಾನ್ ಎಂದು ಹೇಳುತ್ತ ಹೋದರೆ ಒಂದು ಗಂಟೆ ಕಳೆದಿರುತ್ತದೆ, ಕಲಿಯಲು ಬಂದವರ ನೋಟ್‌ಬುಕ್ಕಿನಲ್ಲಿ ಮೂವತ್ತು ಹೆಸರು ಸೇರಿರುತ್ತವೆ, ಪರದೆಯ ಮೇಲೆ ಒಂದು ಸಾಲೂ ಕೂತಿರುವುದಿಲ್ಲ. ಹಾಗೆ ಮಾಡಬೇಡಿ. ಮೊದಲ ತರಗತಿ ಮುಗಿಯುವಾಗ ಪ್ರತಿಯೊಬ್ಬರ ಕೈಯಲ್ಲೂ ತಾವೇ ಕಟ್ಟಿದ, ಕಾಗದದ ಮೇಲೆ ಅಚ್ಚಾದ ಒಂದು ಎ4 ಪುಟ ಇರಲಿ. ತಲೆಬರಹ, ಎರಡು ಅಂಕಣ, ಒಂದು ಫೋಟೋ, ಅದರ ಕೆಳಗೆ ಅಡಿಬರಹ. ಇಷ್ಟಕ್ಕೆ ಬೇಕಾಗುವುದು ನಾಲ್ಕೈದು ಉಪಕರಣ ಮಾತ್ರ. ಉಳಿದವನ್ನು ಅವರು ಬೇಕಾದಾಗ ಹುಡುಕಿಕೊಳ್ಳುತ್ತಾರೆ.

ಇಲ್ಲಿ ಹೇಳುವ ಪಾಠಕ್ಕೆ ಎರಡೂವರೆ ಗಂಟೆ ಬೇಕು. ಒಬ್ಬರೇ ಕಲಿಸುವುದಾದರೆ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಕೂರಿಸಿಕೊಳ್ಳಬೇಡಿ. ಪಠ್ಯ ಚೌಕಟ್ಟಿನಲ್ಲಿ ಹಿಡಿಸದಾಗ ಮೂಡುವ ಕೆಂಪು ಗುರುತು ಕಂಡು ಕೈ ಎತ್ತಿದವರ ಬಳಿ ಒಂದೆರಡು ನಿಮಿಷದೊಳಗೆ ಹೋಗಲಾಗದಿದ್ದರೆ ಅವರು ಅಲ್ಲೇ ನಿಂತುಬಿಡುತ್ತಾರೆ.

ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ

ಕಲಿತದ್ದನ್ನು ಮನೆಯಲ್ಲಿ ಕೂತು ಮತ್ತೊಮ್ಮೆ ಮಾಡುವಂತಿರಬೇಕು. ಆ ಕಾರಣಕ್ಕೇ ಸ್ಕ್ರೈಬಸ್. ಇದು ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಆದರೆ ಆವೃತ್ತಿ ನೋಡಿಕೊಳ್ಳಿ. 1.4ರ ಸರಣಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆವೃತ್ತಿ ಇರಲಿ. 1.6ರಲ್ಲಿ ಉಳಿಸಿದ ಕಡತ 1.4ರಲ್ಲಿ ತೆರೆಯುವುದಿಲ್ಲ, ಅದು ಗೊತ್ತಾಗುವುದು ಕಡತ ಮನೆಗೆ ಹೋದ ಮೇಲೆ.

ನಮ್ಮ ಅನೇಕ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್ ಇದೆ ಎಂದು ಅದನ್ನೇ ಕಲಿಸುವವರಿದ್ದಾರೆ. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಈಗ ಬಳಕೆಯಲ್ಲಿರುವ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್ ಅದಕ್ಕೆ ತಿಳಿಯದು. ಇವತ್ತು ಹೊಸದಾಗಿ ಕಲಿಯುವವರ ಪಠ್ಯವೆಲ್ಲ ಮೊಬೈಲಿನಿಂದಲೋ ಜಾಲತಾಣದಿಂದಲೋ ಯೂನಿಕೋಡಿನಲ್ಲೇ ಬರುತ್ತದೆ. ಅದನ್ನು ಹಳೆಯ ಸಂಕೇತಕ್ಕೆ ಇಳಿಸಿ ಪುಟ ಕಟ್ಟುವುದನ್ನು ಕಲಿಸಿದರೆ ಹಿಂದಕ್ಕೆ ನಡೆಯಲು ಕಲಿಸಿದ ಹಾಗಾಗುತ್ತದೆ.

ಹಿಂದಿನ ದಿನ ಮಾಡಿಟ್ಟುಕೊಳ್ಳಬೇಕಾದ ಕೆಲಸ

ಮೊದಲ ತರಗತಿ ಹಾಳಾಗುವುದು ಬಹುತೇಕ ತಯಾರಿ ಸಾಲದೆ. ಫಾಂಟ್ ಇಲ್ಲ, ಫೋಟೋ ಕಾಣುತ್ತಿಲ್ಲ, ಪಠ್ಯ ಅಂಟಿಸಿದರೆ ಚೌಕಗಳು ಮೂಡುತ್ತಿವೆ, ಹೀಗೆ ಅರ್ಧ ಸಮಯ ಹೋಗುತ್ತದೆ. ಆದ್ದರಿಂದ ಹಿಂದಿನ ದಿನವೇ ಪ್ರತಿ ಕಂಪ್ಯೂಟರಿನ ಡಾಕ್ಯುಮೆಂಟ್ಸ್ ಒಳಗೆ ಒಂದು ಫೋಲ್ಡರ್ ಮಾಡಿ, ಪಠ್ಯ, ಫೋಟೋ, ಫಾಂಟ್ ಮೂರನ್ನೂ ಅದರಲ್ಲಿಡಿ. ಪೆನ್‌ಡ್ರೈವಿನಿಂದ ನೇರವಾಗಿ ಕೆಲಸ ಮಾಡಿಸಬೇಡಿ. ಸ್ಕ್ರೈಬಸ್ ಫೋಟೋವನ್ನು ತನ್ನ ಕಡತದೊಳಗೆ ತುಂಬಿಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಪೆನ್‌ಡ್ರೈವ್ ಕಿತ್ತರೆ ಫೋಟೋ ಹೋಯಿತು.

ಫಾಂಟ್ ಎರಡು ಸಾಕು. ಮೈಬರಹಕ್ಕೆ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಅದರದೇ ಬೋಲ್ಡ್ ಅಥವಾ ಬಾಲೂ ತಮ್ಮ 2. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ಜಿಪ್‌ನಲ್ಲಿ ಎಲ್ಲ ದಪ್ಪಗಳೂ ಒಂದೇ ಕಡತದಲ್ಲಿರುವ ವೇರಿಯಬಲ್ ಫಾಂಟ್ ಒಂದು, ಸ್ಟ್ಯಾಟಿಕ್ ಎಂಬ ಫೋಲ್ಡರ್ ಒಂದು ಇರುತ್ತವೆ. ಸ್ಟ್ಯಾಟಿಕ್ ಒಳಗಿನ ರೆಗ್ಯುಲರ್ ಮತ್ತು ಬೋಲ್ಡ್ ಕಡತಗಳನ್ನೇ ಹಾಕಿ. ವೇರಿಯಬಲ್ ಹಾಕಿದರೆ ಪಟ್ಟಿಯಲ್ಲಿ ಬೋಲ್ಡ್ ಸಿಗದೆ ಪರದಾಡಬೇಕಾಗುತ್ತದೆ. ವಿಂಡೋಸ್‌ನಲ್ಲಿ ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ಸ್ಕ್ರೈಬಸ್ ಫಾಂಟುಗಳನ್ನು ಓದುವುದು ತೆರೆದುಕೊಳ್ಳುವಾಗ. ಅದು ತೆರೆದಿರುವಾಗ ಹಾಕಿದ ಫಾಂಟ್ ಮುಚ್ಚಿ ಮತ್ತೆ ತೆರೆಯುವ ತನಕ ಕಾಣಿಸದು.

ಪಠ್ಯ ಸುಮಾರು 350 ಪದದ್ದಿರಲಿ, ಐದಾರು ಪ್ಯಾರಾ. ಶಾಲಾ ವಾರ್ಷಿಕೋತ್ಸವದ ವರದಿ, ಹಾಲು ಉತ್ಪಾದಕರ ಸಂಘದ ಸಭೆಯ ಸುದ್ದಿ, ಊರಿನ ಕೆರೆಯ ಹೂಳೆತ್ತಿದ ವಿವರ, ಇಂಥದ್ದು. ಅರ್ಥವಿಲ್ಲದ ಲ್ಯಾಟಿನ್ ತುಂಬುಪಠ್ಯ ಬೇಡವೇ ಬೇಡ. ಕನ್ನಡ ಪುಟದ ಕಷ್ಟಗಳೆಲ್ಲ ಒತ್ತಕ್ಷರದಲ್ಲಿ, ಉದ್ದ ಪದಗಳಲ್ಲಿ ಇವೆ. ಲ್ಯಾಟಿನ್ ತುಂಬಿದರೆ ಅವು ಒಂದೂ ಎದುರಾಗುವುದಿಲ್ಲ. ಪಠ್ಯವನ್ನು ನೋಟ್‌ಪ್ಯಾಡಿನಲ್ಲಿ ಯೂನಿಕೋಡಿನ ಕಡತರೂಪವಾದ ಯುಟಿಎಫ್-8 ಆಗಿ ಉಳಿಸಿಡಿ, ತಲೆಬರಹವನ್ನು ಬೇರೆ ಚಿಕ್ಕ ಕಡತದಲ್ಲಿಡಿ. ತರಗತಿಯಲ್ಲಿ ಟೈಪ್ ಮಾಡಿಸಬೇಡಿ. ಪುಟ ಕಟ್ಟುವ ಪಾಠ ಕೀಲಿಮಣೆಯ ಪಾಠವಾಗಿ ಮುಗಿಯುತ್ತದೆ.

ನಿಮಗೆ ಬಂದ ಪಠ್ಯ ಹಳೆಯ ನುಡಿ ಅಥವಾ ಬರಹ ಫಾಂಟಿನದ್ದಾಗಿದ್ದರೆ ಅದನ್ನು ಕಂಡುಹಿಡಿಯುವುದು ಸುಲಭ. ಫಾಂಟನ್ನು ನೋಟೊಗೆ ಬದಲಿಸಿ ನೋಡಿ. ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಬಂದರೆ ಅದು ಹಳೆಯ ಸಂಕೇತ. ನುಡಿ, ಬರಹಗಳ ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿ, ಬಳಿಕ ಕಣ್ಣಾಡಿಸಿ. ತಪ್ಪು ಉಳಿಯುವ ಜಾಗ ಅರ್ಕಾವೊತ್ತು ಮತ್ತು ಉದ್ಧರಣ ಚಿಹ್ನೆಗಳಲ್ಲಿ. ಕೊನೆಗೆ ಈ ಪದಗಳನ್ನು ಸ್ಕ್ರೈಬಸ್‌ನಲ್ಲಿ ಒಮ್ಮೆ ಅಂಟಿಸಿ ಪರೀಕ್ಷಿಸಿ: ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಜ್ಞಾನ, ಸೂರ್ಯ, ಸಾಫ್ಟ್‌ವೇರ್, ರ‍್ಯಾಲಿ. ಇವು ಸರಿಯಾಗಿ ಮೂಡಿದರೆ ಉಳಿದ ಕನ್ನಡವೂ ಮೂಡುತ್ತದೆ.

ಮೊದಲ ಅರ್ಧ ಗಂಟೆ ಕಾಗದದ ಮೇಲೆ

ಕಂಪ್ಯೂಟರ್ ಮುಟ್ಟಿಸುವ ಮುಂಚೆ ಎಲ್ಲರಿಗೂ ಒಂದು ಎ4 ಹಾಳೆ, ಪೆನ್ಸಿಲ್, ಮಿಲಿಮೀಟರ್ ಗೆರೆಗಳಿರುವ ಸ್ಕೇಲ್ ಕೊಡಿ. ಎಡಬಲಕ್ಕೆ 15 ಮಿ.ಮೀ., ಮೇಲೆ ಕೆಳಗೆ 20 ಮಿ.ಮೀ. ಅಂಚು ಗೆರೆ ಹಾಕಿಸಿ. ಉಳಿದ 180 ಮಿ.ಮೀ. ಅಗಲವನ್ನು 87ರ ಎರಡು ಅಂಕಣ, ನಡುವೆ 6ರ ತೆರಪು ಎಂದು ಹಂಚಿಸಿ. ಆಮೇಲೆ ಪ್ರತಿ ಚೌಕದೊಳಗೂ ನಾಲ್ಕು ಅಂಕಿ ಬರೆಸಿ: ಹಾಳೆಯ ಎಡ ತುದಿಯಿಂದ ಎಷ್ಟು ದೂರ, ಮೇಲಿನ ತುದಿಯಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು.

ತಲೆಬರಹ: 15, 20, 180, 30
ಎಡ ಅಂಕಣ: 15, 55, 87, 222
ಬಲ ಅಂಕಣ: 108, 55, 87, 222
ಫೋಟೋ: 108, 55, 87, 58
ಅಡಿಬರಹ: 108, 114, 87, 8

ಈ ಅರ್ಧ ಗಂಟೆ ವ್ಯರ್ಥ ಎಂದು ಕೆಲವರಿಗೆ ಅನ್ನಿಸಬಹುದು. ವರ್ಡ್‌ನಲ್ಲಿ ಬರೆದು ಅಭ್ಯಾಸವಾದವರಿಗೆ ಪುಟ ಎಂದರೆ ಮೇಲಿನಿಂದ ಕೆಳಕ್ಕೆ ಹರಿಯುವ ಬರಹ. ಇಲ್ಲಿ ಮೊದಲು ಚೌಕಟ್ಟು, ಅದರೊಳಗೆ ಬರಹ. ಈ ಒಂದು ತಿರುವು ಮನಸ್ಸಿಗೆ ಹತ್ತದೆ ಮುಂದಿನದ್ದು ಯಾವುದೂ ಹತ್ತುವುದಿಲ್ಲ. ಪೆನ್ಸಿಲ್ ಹಿಡಿದು ಚೌಕ ಎಳೆದವರಿಗೆ ಅದನ್ನು ಬಾಯಲ್ಲಿ ವಿವರಿಸುವ ಅಗತ್ಯವೇ ಬೀಳದು. ಬಲ ಅಂಕಣ ಮತ್ತು ಫೋಟೋ ಒಂದರ ಮೇಲೊಂದು ಬಂದಿರುವುದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಪರದೆಯ ಮೇಲೆ ನೋಡೋಣ’ ಎಂದು ಬಿಡಿ.

ಪರದೆಯ ಮೇಲೆ

ಎಲ್ಲಕ್ಕೂ ಮೊದಲು ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ಬರುವುದನ್ನು ಹೇಳಿಕೊಡಿ. ಏನು ಕೆಟ್ಟರೂ ಹಿಂದಿರುಗಬಹುದು ಎಂದು ಗೊತ್ತಾದರೆ ಅಂಜಿಕೆ ಹೋಗುತ್ತದೆ.

ಫೈಲ್ ಮೆನುವಿನಿಂದ ನ್ಯೂ. ಸಿಂಗಲ್ ಪೇಜ್, ಎ4, ಪೋರ್ಟ್ರೇಟ್. ಇಲ್ಲೇ ಮೊದಲ ತಪ್ಪು ಕಾದಿರುತ್ತದೆ. ಯೂನಿಟ್ ಪಾಯಿಂಟ್‌ನಲ್ಲಿ ಇದ್ದರೆ 15 ಎಂದು ಬರೆದ ಅಂಚು 15 ಪಾಯಿಂಟ್, ಅಂದರೆ ಸುಮಾರು 5 ಮಿ.ಮೀ. ಆಗುತ್ತದೆ. ಮೊದಲು ಯೂನಿಟನ್ನು ಮಿಲಿಮೀಟರಿಗೆ ಬದಲಿಸಿ, ಆಮೇಲೆ ಅಂಚುಗಳನ್ನು ತುಂಬಿ. ಆಟೊಮ್ಯಾಟಿಕ್ ಟೆಕ್ಸ್ಟ್ ಫ್ರೇಮ್ಸ್ ಎಂಬಲ್ಲಿ ಗುರುತು ಇರಬಾರದು. ಬ್ಲೀಡ್, ಅಂದರೆ ಹಾಳೆ ಕತ್ತರಿಸುವಾಗ ಬಿಳಿ ಉಳಿಯದಂತೆ ಪುಟದ ತುದಿಯಾಚೆಗೆ ಬಿಡುವ ಹೆಚ್ಚಿನ ಭಾಗ, ಇವತ್ತು ಸೊನ್ನೆ.

ಕೀಲಿಮಣೆಯಲ್ಲಿ ‘ಟಿ’ ಒತ್ತಿ, ಪುಟದ ಮೇಲೆ ಹೇಗೋ ಒಂದು ಚೌಕ ಎಳೆಯಿರಿ. ಅಳತೆ ನೋಡುತ್ತ ಕೈಯಿಂದ ಎಳೆಸಬೇಡಿ. ಎಫ್‌2 ಒತ್ತಿದರೆ ಪ್ರಾಪರ್ಟೀಸ್ ಕಿಟಕಿ ಬರುತ್ತದೆ, ಅದರಲ್ಲಿ ಎಕ್ಸ್, ವೈ, ಅಗಲ, ಎತ್ತರದ ಜಾಗಗಳಿಗೆ ಕಾಗದದ ನಾಲ್ಕು ಅಂಕಿಗಳನ್ನು ಬರೆದರೆ ಚೌಕಟ್ಟು ತಾನಾಗಿ ಸ್ಥಳಕ್ಕೆ ಹೋಗಿ ಕೂರುತ್ತದೆ. ಪೆನ್ಸಿಲ್ ಅಂಕಿಗೂ ಪರದೆಗೂ ಸಂಬಂಧ ಇಲ್ಲಿ ಕೂಡುತ್ತದೆ. ತಲೆಬರಹ ಮತ್ತು ಎರಡು ಅಂಕಣ, ಒಟ್ಟು ಮೂರು ಚೌಕಟ್ಟು ಹೀಗೆ ಮಾಡಿಸಿ.

ಈಗ ಎಡ ಅಂಕಣವನ್ನು ಆರಿಸಿ, ‘ಎನ್’ ಒತ್ತಿ, ಬಲ ಅಂಕಣದ ಮೇಲೆ ಕ್ಲಿಕ್ ಮಾಡಿ. ಎರಡಕ್ಕೂ ಕೊಂಡಿ ಬಿತ್ತು. ಎರಡೂ ಖಾಲಿ ಇರುವಾಗಲೇ ಈ ಕೆಲಸ ಮಾಡಿಸುವುದು ಒಳ್ಳೆಯದು. ಆಮೇಲೆ ಎಡ ಅಂಕಣವನ್ನೇ ಮತ್ತೆ ಆರಿಸಿ, ಫೈಲ್ ಮೆನುವಿನ ಇಂಪೋರ್ಟ್ ಒಳಗಿನ ಗೆಟ್ ಟೆಕ್ಸ್ಟ್‌ನಿಂದ ಪಠ್ಯದ ಕಡತವನ್ನು ಎಳೆದುಕೊಳ್ಳಿ. ಎನ್‌ಕೋಡಿಂಗ್ ಯುಟಿಎಫ್-8 ಎಂದಿರಲಿ. ಪಠ್ಯ ಮೊದಲ ಅಂಕಣ ತುಂಬಿ ಎರಡನೆಯದಕ್ಕೆ ಹರಿಯುವುದನ್ನು ಎಲ್ಲರೂ ನೋಡಲಿ. ಅಕ್ಷರದ ಜಾಗದಲ್ಲಿ ಚೌಕಗಳೇ ಕಂಡರೆ ಗಾಬರಿ ಬೇಡ, ಕನ್ನಡವಿಲ್ಲದ ಫಾಂಟ್ ಇದೆ ಎಂದಷ್ಟೇ ಅರ್ಥ. ಮುಂದಿನ ಹೆಜ್ಜೆಯಲ್ಲಿ ಅದು ಸರಿಹೋಗುತ್ತದೆ.

ಸ್ಟೈಲ್, ಮೊದಲ ದಿನವೇ

ಸ್ಟೈಲ್ ಎಂದರೆ ಫಾಂಟ್, ಗಾತ್ರ, ಅಂತರ ಎಲ್ಲವನ್ನೂ ಒಂದು ಹೆಸರಿನಡಿ ಉಳಿಸಿಟ್ಟದ್ದು. ಅದು ಕಠಿಣ, ಮುಂದಿನ ವಾರ ಕಲಿಸೋಣ ಎಂದು ಬಹಳ ಜನ ಬಿಡುತ್ತಾರೆ. ಆ ಒಂದು ವಾರದಲ್ಲಿ ಕಲಿಯುವವರು ಒಂದೊಂದು ಪ್ಯಾರಾವನ್ನೂ ಆರಿಸಿ ಫಾಂಟ್, ಗಾತ್ರ, ಅಂತರ ಕೊಡುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ಆ ರೂಢಿ ಬಿಡಿಸುವುದು ಸ್ಟೈಲ್ ಕಲಿಸುವುದಕ್ಕಿಂತ ಎಷ್ಟೋ ಕಷ್ಟ.

ಎಫ್‌4 ಒತ್ತಿ ಸ್ಟೈಲ್ ಮ್ಯಾನೇಜರ್ ತೆರೆಯಿರಿ. ಮೂರು ಪ್ಯಾರಾಗ್ರಾಫ್ ಸ್ಟೈಲ್ ಮಾಡಿಸಿ. ‘ಮೈಬರಹ’ ನೋಟೊ ಸೆರಿಫ್ ಕನ್ನಡ, 11 ಪಾಯಿಂಟ್, ಸಾಲಂತರ 16, ಎಡಕ್ಕೆ ಒತ್ತಿದ ಜೋಡಣೆ, ಮೊದಲ ಸಾಲಿಗೆ 5 ಮಿ.ಮೀ. ಒಳಸರಿತ, ಪ್ಯಾರಾಗಳ ನಡುವೆ ಜಾಗ ಸೊನ್ನೆ. ‘ತಲೆಬರಹ’ 24 ಪಾಯಿಂಟ್ ಬೋಲ್ಡ್, ಸಾಲಂತರ 32. ‘ಅಡಿಬರಹ’ 9 ಪಾಯಿಂಟ್, ಸಾಲಂತರ 13. ಬಳಿಕ ಅಂಕಣವನ್ನು ಆರಿಸಿ ಎಫ್‌3ರ ಕಿಟಕಿಯಿಂದ ‘ಮೈಬರಹ’ ಹಚ್ಚಿ. ತಲೆಬರಹವನ್ನು ನಕಲಿಸಿ ಅದರ ಚೌಕಟ್ಟಿನಲ್ಲಿ ಅಂಟಿಸಿ, ಅದರ ಸ್ಟೈಲ್ ಹಚ್ಚಿ.

ಈಗ ಒಂದು ಪ್ರಯೋಗ ಮಾಡಿಸಿ. ಮೈಬರಹದ ಸ್ಟೈಲ್ ತೆರೆದು ಸಾಲಂತರವನ್ನು 12 ಮಾಡಲು ಹೇಳಿ. ಇಡೀ ಪುಟ ಒಮ್ಮೆಲೇ ಬಿಗಿಯುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ‘ರಾಷ್ಟ್ರ’ದ ಕೆಳಗೆ ‘ಕೀರ್ತಿ’ ಬಂದಿದ್ದರೆ ಅಲ್ಲಿ ಓದಲಿಕ್ಕೇ ಆಗದು. ಮತ್ತೆ 16ಕ್ಕೆ ತನ್ನಿ. ಒಂದೇ ಪ್ರಯೋಗದಿಂದ ಎರಡು ಪಾಠ ಸಿಕ್ಕಿತು: ಸ್ಟೈಲ್ ಬದಲಿಸಿದರೆ ಎಲ್ಲ ಪ್ಯಾರಾ ಬದಲಾಗುತ್ತವೆ, ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಂಗ್ಲಿಷಿಗೆ ಅಕ್ಷರ ಗಾತ್ರದ 120 ಪ್ರತಿಶತ ಸಾಲಂತರ ಕೊಡುವುದು ವಾಡಿಕೆ. ಕನ್ನಡಕ್ಕೆ 140ರಿಂದ 150 ಪ್ರತಿಶತ ಇರಲಿ. ಸಾಲಂತರದ ವಿಧಾನವನ್ನು ಫಿಕ್ಸ್ಡ್‌ನಲ್ಲೇ ಇಡಿಸಿ. ಆಟೊಮ್ಯಾಟಿಕ್‌ನಲ್ಲಿ ಬಿಟ್ಟರೆ ಫಾಂಟ್ ಬದಲಾದಾಗ ಅಂತರವೂ ಬದಲಾಗಿ ಪುಟದ ಲೆಕ್ಕವೆಲ್ಲ ತಪ್ಪುತ್ತದೆ. ತಲೆಬರಹದ 32 ಮೈಬರಹದ 16ರ ದುಪ್ಪಟ್ಟು ಎಂಬುದನ್ನೂ ತೋರಿಸಿ.

ಯಾರಾದರೂ ಎರಡೂ ಬದಿ ಸಮವಾಗಿ ಬರಲಿ ಎಂದು ಜಸ್ಟಿಫೈ ಕೇಳುತ್ತಾರೆ. ಪತ್ರಿಕೆಗಳಲ್ಲಿ ಹಾಗೆಯೇ ನೋಡಿದ್ದಾರಲ್ಲ. ಮಾಡಿ ನೋಡಲಿ. 11 ಪಾಯಿಂಟಿನಲ್ಲಿ 87 ಮಿ.ಮೀ. ಅಂಕಣಕ್ಕೆ ಸಾಲಿಗೆ ಐದು ಪದದ ಆಸುಪಾಸು ಕೂರುತ್ತವೆ, ಅಂದರೆ ಪದಗಳ ನಡುವೆ ನಾಲ್ಕೇ ತೆರಪು. ಸಾಲಿನ ಕೊನೆಗೆ ‘ಮಾಡಿಕೊಳ್ಳಬೇಕಾಗಿರುವುದರಿಂದ’ ಎಂಬಂಥ ಪದ ಹಿಡಿಸದೆ ಕೆಳಕ್ಕೆ ಇಳಿದರೆ ಆ ಖಾಲಿ ಜಾಗವೆಲ್ಲ ಉಳಿದ ಮೂರು ತೆರಪುಗಳಿಗೆ ಹಂಚಿಹೋಗಿ ಸಾಲು ಹಲ್ಲುಬಿಟ್ಟಂತೆ ಕಾಣುತ್ತದೆ. ಎ4ರಲ್ಲಿ ಮೂರು ಅಂಕಣ ಮಾಡಿದರೆ ಒಂದೊಂದಕ್ಕೆ 56 ಮಿ.ಮೀ. ಸಿಗುತ್ತದೆ, ಸಾಲಿಗೆ ಮೂರು ಪದ. ಅಲ್ಲಿ ಜಸ್ಟಿಫೈ ಯೋಚಿಸಲೇಬಾರದು.

ಇನ್ನೆರಡು ಮಾತು ಇಲ್ಲೇ ಹೇಳಿಬಿಡಿ. ಕನ್ನಡ ಅಕ್ಷರಗಳನ್ನು ಕೃತಕವಾಗಿ ಓರೆ ಮಾಡಬೇಡಿ, ಒತ್ತು ಕೊಡಬೇಕಾದಲ್ಲಿ ಬೋಲ್ಡ್ ಬಳಸಿ. ಅಕ್ಷರಗಳ ನಡುವಣ ಅಂತರವನ್ನು ಹಿಗ್ಗಿಸಬೇಡಿ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಪ್ಪುವ ಆ ಚಂದ ಕನ್ನಡದಲ್ಲಿ ಗುಣಿತದ ಚಿಹ್ನೆಯನ್ನು ಅಕ್ಷರದಿಂದ ದೂರ ಸರಿಸುತ್ತದೆ.

ಫೋಟೋ

‘ಐ’ ಒತ್ತಿ ಚೌಕ ಎಳೆದು, ಅಂಕಿ ತುಂಬಿ, ಚಿತ್ರವನ್ನು ತನ್ನಿ. ಬಹುತೇಕ ಎಲ್ಲರ ಪರದೆಯಲ್ಲೂ ಫೋಟೋದ ಒಂದು ಮೂಲೆ ಮಾತ್ರ ಕಾಣುತ್ತದೆ, ಆಕಾಶವೋ ಯಾರದೋ ಭುಜವೋ. ಚಿತ್ರ ತನ್ನ ಮೂಲ ಅಳತೆಯಲ್ಲಿ ಬಂದಿದೆ, ಚೌಕಟ್ಟು ಚಿಕ್ಕದು, ಅಷ್ಟೇ. ಎಫ್‌3ರ ಕಿಟಕಿಯಲ್ಲಿ ಸ್ಕೇಲ್ ಟು ಫ್ರೇಮ್ ಸೈಜ್ ಆರಿಸಿ, ಪ್ರಪೋರ್ಷನಲ್ ಗುರುತು ಹಾಕಿ. ಆ ಗುರುತು ಇಲ್ಲದಿದ್ದರೆ ಮುಖಗಳು ಹಿಗ್ಗಿ ಅಗಲವಾಗುತ್ತವೆ.

ಇಷ್ಟಾದರೂ ಪಠ್ಯ ಫೋಟೋದ ಹಿಂದೆ ಅಡಗಿರುತ್ತದೆ. ಕಾಗದದ ಮೇಲೆ ಕೇಳಿದ್ದ ಪ್ರಶ್ನೆಗೆ ಉತ್ತರ ಇಲ್ಲಿದೆ. ಫೋಟೋ ಆರಿಸಿ, ಪ್ರಾಪರ್ಟೀಸ್‌ನ ಶೇಪ್ ಭಾಗದಲ್ಲಿ ಟೆಕ್ಸ್ಟ್ ಫ್ಲೋ ಅರೌಂಡ್ ಫ್ರೇಮ್ ಕೊಡಿ. ಅಡಿಬರಹಕ್ಕೂ ‘ಟಿ’ ಒತ್ತಿ ಚೌಕಟ್ಟು ಮಾಡಿ, ಬರಹ ತುಂಬಿ, ಅದರ ಸ್ಟೈಲ್ ಹಚ್ಚಿ, ಇದನ್ನೇ ಕೊಡಿ. ಆದರೂ ಪಠ್ಯ ಸರಿಯದಿದ್ದರೆ ಫೋಟೋ ಅಂಕಣದ ಹಿಂದೆ, ಕೆಳಗಿನ ಲೆವೆಲ್ಲಿನಲ್ಲಿದೆ ಎಂದರ್ಥ, ಅದನ್ನು ಮೇಲಿನ ಲೆವೆಲ್ಲಿಗೆ ತನ್ನಿ.

ಪಿಕ್ಸೆಲ್ ಲೆಕ್ಕವನ್ನು ಬೋರ್ಡಿನ ಮೇಲೆ ಒಮ್ಮೆ ಮಾಡಿ ತೋರಿಸಿ. ಅಚ್ಚಿಗೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. ಅಗಲದ ಮಿಲಿಮೀಟರನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿ. 87 ಮಿ.ಮೀ. ಫೋಟೋಗೆ 1028 ಪಿಕ್ಸೆಲ್ ಸಾಕು, ಪುಟದ ಪೂರ್ತಿ ಅಗಲ 180 ಮಿ.ಮೀ.ಗೆ 2126 ಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋದ ಉದ್ದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ, ಅಂದರೆ 135 ಮಿ.ಮೀ. ತನಕ ಮಾತ್ರ ಚೊಕ್ಕವಾಗಿ ಬರುತ್ತದೆ. ಫೋಟೋ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಕೆಂಪು ಗುರುತು

ಫೋಟೋ ಕೂತ ಮೇಲೆ ಎರಡೂ ಅಂಕಣ ಸೇರಿ ಸುಮಾರು 65 ಸಾಲಿಗೆ ಜಾಗ ಉಳಿಯುತ್ತದೆ, 300 ಪದದ ಸುತ್ತಮುತ್ತ. ನಿಮ್ಮ ಪಠ್ಯ 350. ಬಲ ಅಂಕಣದ ಕೆಳಮೂಲೆಯಲ್ಲಿ ಕೆಂಪು ‘ಎಕ್ಸ್’ ಗುರುತು ಬಂದಿರುತ್ತದೆ. ಬೇಕೆಂದೇ ಹೀಗೆ ಮಾಡಿಟ್ಟದ್ದು, ಏಕೆಂದರೆ ಪುಟ ಕಟ್ಟುವವರು ದಿನವೂ ಎದುರಿಸುವ ಸಮಸ್ಯೆ ಇದೇ. ಅದನ್ನು ಗಮನಿಸದೆ ಮುಂದೆ ಹೋದರೆ ವರದಿಯ ಕೊನೆಯ ಪ್ಯಾರಾ ಅಚ್ಚಾಗುವುದಿಲ್ಲ.

ಎಲ್ಲರ ಕೈ ಮೊದಲು ಹೋಗುವುದು ಅಕ್ಷರದ ಗಾತ್ರ ಇಳಿಸಲು. ತಡೆಯಿರಿ. ಒಂದು ಪುಟ 11, ಮುಂದಿನ ಪುಟ 10.3 ಆದರೆ ಪತ್ರಿಕೆ ಹರಕುಮುರುಕಾಗಿ ಕಾಣುತ್ತದೆ. ಫೋಟೋ ಕಿರಿದು ಮಾಡೋಣ ಎಂದರೆ ಲೆಕ್ಕ ಹಾಕಿಸಿ: ಹೆಚ್ಚಾದದ್ದು 40 ಪದ ಎಂದರೂ ಎಂಟು ಸಾಲು, ಅಂದರೆ 45 ಮಿ.ಮೀ. ಎತ್ತರ. 58ರ ಫೋಟೋದಲ್ಲಿ ಉಳಿಯುವುದು 13. ಹಾಗಾಗಿ ಪಠ್ಯವನ್ನೇ ಓದಿ, ಎರಡು ಸಲ ಹೇಳಿದ್ದನ್ನು, ಸ್ವಾಗತ ವಂದನಾರ್ಪಣೆಯ ಹೆಸರುಗಳ ಸಾಲನ್ನು ತೆಗೆಯುವುದೇ ದಾರಿ. ನಿಜವಾದ ಕೆಲಸದಲ್ಲಿ ಬರೆದವರನ್ನು ಕೇಳಿಯೇ ಕತ್ತರಿಸಬೇಕು ಎಂದೂ ಹೇಳಿ. ವಿನ್ಯಾಸದ ತರಗತಿಯಲ್ಲಿ ಜನ ಪಠ್ಯವನ್ನು ಮೊದಲ ಸಲ ನಿಜವಾಗಿ ಓದುವುದು ಈ ಹಂತದಲ್ಲೇ. ಇದಕ್ಕೆ ಇಪ್ಪತ್ತು ನಿಮಿಷ ಬಿಟ್ಟುಕೊಡಿ.

ಇದೇ ಹೊತ್ತಿಗೆ ವ್ಯೂ ಮೆನುವಿನಿಂದ ಕಂಟ್ರೋಲ್ ಕ್ಯಾರೆಕ್ಟರ್‌ಗಳನ್ನು ಕಾಣಿಸುವಂತೆ ಮಾಡಿ. ಎಂಟರ್ ಒತ್ತಿ ಒತ್ತಿ ಜಾಗ ಮಾಡಿದ್ದು, ಸ್ಪೇಸ್‌ಬಾರಿನಿಂದ ಬರಹವನ್ನು ನಡುವಿಗೆ ತಳ್ಳಿದ್ದು ಎಲ್ಲ ಬಯಲಾಗುತ್ತದೆ. ಅವನ್ನು ಅವರೇ ಅಳಿಸಲಿ.

ಪಿಡಿಎಫ್, ಪ್ರಿಂಟ್

ಎಕ್ಸ್‌ಪೋರ್ಟ್‌ನಲ್ಲಿ ಪಿಡಿಎಫ್ ಆರಿಸಿದಾಗ ತೊಂದರೆಗಳಿದ್ದರೆ ಪ್ರಿಫ್ಲೈಟ್ ಪಟ್ಟಿ ಎದುರಾಗುತ್ತದೆ. ಉಕ್ಕಿದ ಪಠ್ಯ, ಕಳೆದುಹೋದ ಚಿತ್ರ, ಕಡಿಮೆ ಪಿಕ್ಸೆಲ್ ಎಲ್ಲವೂ ಅದರಲ್ಲಿರುತ್ತವೆ. ಇಗ್ನೋರ್ ಒತ್ತುವ ಅಭ್ಯಾಸ ಮಾಡಿಸಬೇಡಿ, ಒಂದೊಂದನ್ನೂ ಓದಿಸಿ. ಫಾಂಟುಗಳು ಎಂಬೆಡ್ ಆಗಿರಲಿ, ಅಂದರೆ ಪಿಡಿಎಫ್ ಒಳಗೇ ಸೇರಿರಲಿ. ಬಂದ ಪಿಡಿಎಫ್ ಅನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ಒತ್ತಕ್ಷರಗಳನ್ನು ನೋಡಿ. ಪ್ರಿಂಟ್ ಕೊಡುವಾಗ ಫಿಟ್ ಬಿಟ್ಟು ಆಕ್ಚುವಲ್ ಸೈಜ್ ಆರಿಸಿ. ಹಾಳೆ ಹೊರಬಂದ ಮೇಲೆ ಅದೇ ಸ್ಕೇಲಿನಿಂದ ಅಳೆಯಲಿ. ಅಂಕಣ 87ಕ್ಕೆ ಬದಲು 84 ಬಂದಿದ್ದರೆ ಪ್ರಿಂಟರ್ ಪುಟವನ್ನು ಕುಗ್ಗಿಸಿದೆ.

ನಿಮ್ಮಲ್ಲಿ ಸ್ಕ್ರೈಬಸ್ ಬದಲು ಇನ್ನೊಂದು ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನ್ ಇದ್ದರೂ ಪಾಠದ ಕ್ರಮ ಇದೇ. ಅಲ್ಲಿ ಒಂದು ಮಾತ್ರ ಮೊದಲೇ ಮಾಡಿಡಬೇಕು: ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಶನ್ ಭಾಗದಲ್ಲಿ ಸಾಲು ಜೋಡಿಸುವ ಕಂಪೋಸರನ್ನು ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್‌ಗೆ ಬದಲಿಸುವುದು. ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ.

ತರಗತಿಯುದ್ದಕ್ಕೂ ಕಲಿಯುವವರ ಮೌಸ್ ಮುಟ್ಟಬೇಡಿ. ಸಮಯ ಮೀರುತ್ತಿದೆ ಎನ್ನಿಸಿದಾಗ ಕೈ ತಾನಾಗಿ ಚಾಚುತ್ತದೆ, ಆದರೆ ನೀವು ಮೂರು ಸೆಕೆಂಡಿನಲ್ಲಿ ಸರಿಮಾಡಿದ್ದು ಅವರಿಗೆ ಕಾಣುವುದೇ ಇಲ್ಲ. ಮೆನುವಿನ ಹೆಸರು ಬಾಯಲ್ಲಿ ಹೇಳಿ, ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯಿರಿ. ಒಂದು ಕಂಪ್ಯೂಟರಿಗೆ ಇಬ್ಬರಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಕುರ್ಚಿ ಬದಲಿಸಿ, ಇಲ್ಲವಾದರೆ ಮೊದಲೇ ಸ್ವಲ್ಪ ಗೊತ್ತಿರುವವರೇ ಕೊನೆತನಕ ಕೂತಿರುತ್ತಾರೆ.

ಮನೆಗೆ ಒಯ್ಯುವವರು ಫೈಲ್ ಮೆನುವಿನ ಕಲೆಕ್ಟ್ ಫಾರ್ ಔಟ್‌ಪುಟ್ ಬಳಸಲಿ, ಅದರಲ್ಲಿ ಫಾಂಟುಗಳನ್ನು ಸೇರಿಸುವ ಗುರುತು ಹಾಕಲಿ. ಪುಟ, ಫೋಟೋ, ಫಾಂಟ್ ಎಲ್ಲ ಒಂದೇ ಫೋಲ್ಡರಿಗೆ ಬರುತ್ತವೆ. ಎರಡನೆಯ ತರಗತಿಯಲ್ಲಿ ಅದೇ ಪುಟಕ್ಕೆ ಬೇರೆ ಪಠ್ಯ, ಬೇರೆ ಫೋಟೋ ಕೊಟ್ಟು ನಿಮ್ಮ ನೆರವಿಲ್ಲದೆ ಮುಗಿಸಲು ಹೇಳಿ. ಎಲ್ಲ ಪುಟಗಳಿಗೂ ಮಾದರಿಯಾಗುವ ಮಾಸ್ಟರ್ ಪೇಜ್, ಪುಟಸಂಖ್ಯೆ, 3 ಮಿ.ಮೀ. ಬ್ಲೀಡ್, ನಾಲ್ಕರ ಗುಣಕದಲ್ಲಿ ಪುಟಗಳು, ಇವೆಲ್ಲ ಮೂರನೆಯದಕ್ಕೆ. ಬಣ್ಣದ ಮಾತೂ ಆಗಲೇ. ಅಲ್ಲಿಯ ತನಕ ಒಂದನ್ನು ನೆನಪಿಸುತ್ತಿರಿ: ಬಣ್ಣದ ಪಟ್ಟಿಯಲ್ಲಿ ಬ್ಲ್ಯಾಕ್ ಜೊತೆಗೆ ರಿಚ್ ಬ್ಲ್ಯಾಕ್, ರಿಜಿಸ್ಟ್ರೇಶನ್ ಕೂಡ ಇವೆ, ಪರದೆಯ ಮೇಲೆ ಮೂರೂ ಕಪ್ಪಾಗಿಯೇ ಕಾಣುತ್ತವೆ. ಬರಹಕ್ಕೆ ಬರಿಯ ಬ್ಲ್ಯಾಕ್ ಮಾತ್ರ. ಉಳಿದೆರಡರಲ್ಲಿ ಬಣ್ಣದ ಮುದ್ರಣದ ನಾಲ್ಕೂ ಶಾಯಿ ಒಂದರ ಮೇಲೊಂದು ಬೀಳುತ್ತವೆ. ಮುದ್ರಣದಲ್ಲಿ ಅವು ಕೂದಲೆಳೆಯಷ್ಟು ಸರಿದರೂ ಮೊದಲು ಮಸುಕಾಗುವುದು ಸಾಲಿನ ಕೆಳಗಿನ ಸಣ್ಣ ಒತ್ತಕ್ಷರಗಳು.